ಎಡಗೈಯಾಗಿನ ಲಿಂಗ, ಬೆಂಗಳೂರಿನ ಪ್ಲಾನು

ನವೆಂಬರ್ ೭, ೨೦೦೫, ಸೋಮವಾರ

"ಹಾಯ್ ಎವ್ರಿಬಡಿ" ಅಂತ ಬರದು ಹೊಡದ್ ಹಾಕಿದೆ. ಇದು ಚಾಟ್ ರೂಮಲ್ಲ, ಇಲ್ಲಿ ಓದಾಕಿ ನಾ ಒಬ್ಬಾಕಿನ. ರೂಮಿನ್ಯಾಗ ನಾ ಶಿರಸಿ_ಸಿಡಿಲು. ಇಲ್ಲಿ ಬರೇ ಪ್ರತಿಭಾ, ಖಾನಾವಳಿ ಕಲ್ಲವ್ವನ ಮಗಳು. ಹೊಟ್ಟೀಲೆ ಹುಟ್ಟಿದಾಕಿ ಅಲ್ಲ, ತಂಗಿ ಮಗಳು. ಆದ್ರ ಬೈಯೋದ್ರಾಗ ದೊಡ್ಡವ್ವ ಏನೂ ಕಡಿಮಿ ಮಾಡಿಲ್ಲ :-)

ಮದಲು ಚೊಲೋ ಸುದ್ದಿ. ಸಂಹಿತಾ ಮೇಡಂ ಇವತ್ತು ನನ್ನ ಹೆಸರು ಹಿಡದ್ ಕರದ್ರು!!! "ಪ್ರತಿಭಾ, ಇಮೇಜ್ ತುಂಬಾ ಕ್ಲಿಯರ್ ಆಗಿದೆ, ಥ್ಯಾಂಕ್ಸ್" ಅಂದ್ರು. ನಾ ಕುರ್ಚ್ಯಾಗ ಕುಂತಲ್ಲೇ ಹಾರಿದೆ. ನಂದನ ನೋಡಿ, "ಎಂತ ಮಾರಾಯ್ತಿ, ಸಿನಿಮಾ ಹೀರೋಯಿನ್ ಕಂಡಂಗೆ ಆಡ್ತೆ" ಅಂದ. ಅಂವಗೇನ ಗೊತ್ತು. ಹೀರೋಯಿನ್ ಡೈಲಾಗ್ ಮತ್ತೊಬ್ರು ಬರದಿರ್ತಾರ. ಮೇಡಂ ತಾವ ಲೆಕ್ಕ ಹಾಕ್ತಾರ.

ನಮ್ಮ ಆಸ್ಪತ್ರಿ ಕಥಿ ಇಷ್ಟು. ಹಳೇ ಕೋಬಾಲ್ಟ್ ಮಷೀನ್ ಐತಿ. ಮಂದಿ ಅದಕ್ಕ "ಕರೆಂಟ್ ಕೊಡೋದು" ಅಂತಾರ. ಕೊಡಾಕ ಯಲ್ಲಾಪುರ ಕಡೆ ನಂದೊಳ್ಳಿ ನಂದನ ಅದಾನ. ನೋಡಾಕ ಶಶಾಂಕ ಡಾಕ್ಟ್ರು ಅದಾರ. ಆದ್ರ ಯಾವ ಕಡಿಂದ ಬಿಡಬೇಕು, ಎಷ್ಟೊತ್ತು ಬಿಡಬೇಕು, ಒಳಗಿನ ಶ್ವಾಸಕೋಶಕ್ಕ ತಾಗದಂಗ ಹ್ಯಾಂಗ ಬಿಡಬೇಕು, ಆ ಪ್ಲಾನ್ ಮಾಡಾವ್ರು ಶಿರಸ್ಯಾಗ ಒಬ್ರೂ ಇಲ್ಲ. ಅದಕ್ಕ ಇಲ್ಲಿ ಸ್ಕ್ಯಾನ್ ಮಾಡಿ, ಚಿತ್ರ ಮಾಳಗಿ ಮ್ಯಾಲಿನ ದೊಡ್ಡ ತಾಟಿನಂಥಾ ಆಂಟೆನಾದಿಂದ ಬೆಂಗಳೂರಿಗೆ ಕಳಸ್ತೀವಿ. ಅಲ್ಲಿ ದೊಡ್ಡ ಆಸ್ಪತ್ರ್ಯಾಗ ಸಂಹಿತಾ ಮೇಡಂ ಪ್ಲಾನ್ ಮಾಡಿ ತಿರಗಿ ಕಳಸ್ತಾರ. ಕಳಸಾಕಿ, ತಗೊಳ್ಳಾಕಿ, ಲೈನ್ ಸಾಯದಂಗ ನೋಡ್ಕೊಳ್ಳಾಕಿ ನಾನು. ಸೈಬರ್ ಕೆಫೆದಾಗ ಕುಂತು ಹಾಳಾಗಾಕತ್ತಾಳ ಅಂತಿದ್ರಲ್ಲ, ನೋಡ್ರಿ ಈಗ.

ಇನ್ನೊಂದು ಸುದ್ದಿ. ದೊಡ್ಡವ್ವಗ ದಸರಾ ಮುಂದ ಹುಬ್ಬಳ್ಳ್ಯಾಗ ಬಲಗಡೆ ಎದಿ ಆಪರೇಷನ್ ಆತಲ್ಲ, ಅದಕ್ಕೀಗ ಕರೆಂಟೂ ಕೊಡಬೇಕಂತ. ಇಲ್ಲಾಂದ್ರ ಆ ರೋಗ ತಿರಗಿ ಬರ್ತತಿ ಅಂದ್ರು ಶಶಾಂಕ ಡಾಕ್ಟ್ರು. "ಬೆಂಗಳೂರಿಗೆ ಹೋಗ್ತೀರೋ, ಇಲ್ಲೇ ಆಗ್ಲೋ?" ಅಂತ ಕೇಳಿದ್ರು. ಖಾನಾವಳಿಗೆ ಬಂದು ಅದನ್ನ ದೊಡ್ಡವ್ವಗ ಹೇಳಿದೆ.

ದೊಡ್ಡವ್ವ ರೊಟ್ಟಿ ಬಡಿಯೋದು ಸೈತ ನಿಲ್ಲಿಸಲಿಲ್ಲ. "ನನ್ನ ತಂಗಿ ಶಾರದವ್ವನ್ನ ಬೆಂಗಳೂರಿಗೆ ಕರಕೊಂಡ್ ಹೋಗಿದ್ದೆ. ಬರೋಮುಂದ ಅಕಿ ಗಾಡಿ ಹಿಂದ ಮಲಗಿದ್ಲು, ನಾ ಮುಂದ ಕುಂತಿದ್ದೆ. ಇಲ್ಲೇ ಕೊಟ್ರ ಕೊಡ್ಲಿ. ಇಲ್ಲಾಂದ್ರ ಬ್ಯಾಡ."

ಶಾರದವ್ವ ಅಂದ್ರ ನಮ್ಮವ್ವ. ಅಕಿ ತೀರಿದಾಗ ನಂಗ ನಾಕು ವರ್ಷ.

ಸೋ. ಇಲ್ಲೇ. ನನ್ನ ಲೈನಿನ ಮ್ಯಾಲ, ನನ್ನ ಮೇಡಂ ಕೈಯಾಗ. ಗೆಲ್ತೀವಿ.


ನವೆಂಬರ್ ೯

ರೂಮಿನ್ಯಾಗ ಸುಮ್ನ ಕೇಳಿದೆ, ಯಾರರ ಕರೆಂಟ್ ತಗೊಂಡಾವ್ರು ಅದಾರೇನು ಅಂತ.

ಕೂಲ್_ಹುಡ್ಗ_ಬೆಂಗ್ಳೂರು: ಶಿರಸೀಲಿ ರೇಡಿಯೇಷನ್ನಾ? ಟಾರ್ಚ್ ಬಿಡ್ತಾರಾ? ಲೋಲ್
ಶಿರಸಿ_ಸಿಡಿಲು: ಟಾರ್ಚಲ್ಲಣ್ಣ, ಕೋಬಾಲ್ಟು. ಟಾರ್ಚ್ ನಿನಗ ಕಳಸ್ತೀನಿ, ನಿಮ್ಮೂರ ಆಸ್ಪತ್ರ್ಯಾಗ ಪಾಳೇ ಎಲ್ಲಿ ಮುಗೀತದಂತ ಹುಡಕು
ಕೂಲ್_ಹುಡ್ಗ_ಬೆಂಗ್ಳೂರು: ಸೀರಿಯಸ್ಸಾಗಿ ಹೇಳ್ತೀನಿ, ರಿಸ್ಕ್ ತಗೋಬೇಡ, ಇಲ್ಲಿಗೇ ಕರ್ಕೊಂಡ್ ಬಾ
ಶಿರಸಿ_ಸಿಡಿಲು: ಬೈ

ಹಲ್ಕಟ್ಟ. ಸೀರಿಯಸ್ಸಾಗಿ ಅಂದಿದ್ದಕ್ಕ ಹೆಚ್ಚು ಸಿಟ್ಟು ಬಂತು.


ನವೆಂಬರ್ ೧೧, ಶುಕ್ರವಾರ

ಸ್ಕ್ಯಾನ್ ಆತು. ಆದ್ರ ಯುದ್ಧ ಮಾಡಿ ಆತು.

ದೊಡ್ಡವ್ವ ಮಷೀನ್ ಮ್ಯಾಲ ಅಂಗಾತ ಮಲಗಿದ್ಲು. ಬಲಗೈ ತಲೀ ಮ್ಯಾಲ. ಆಪರೇಷನ್ ಆದಾವ್ರಿಗೆ ಆ ಕೈ ಎತ್ತಾಕ ಬರಂಗಿಲ್ಲಂತ, ದೊಡ್ಡವ್ವ ಎತ್ತಿದ್ಲು. ರೊಟ್ಟಿ ಬಡಿಯೋ ಕೈ. ನಂದನ ಎದೀ ನಡುವ ಒಂದು, ಆ ಕಡೆ ಈ ಕಡೆ ಪಕ್ಕಡಿ ಎಲುಬಿನ ಮ್ಯಾಲ ಒಂದೊಂದು, ಮಸಿಯಿಂದ ಕೂಡು ಗುರ್ತಿನಂಥಾ (+) ಗೆರಿ ಎಳದ. ದಿನಾ ಕರೆಂಟ್ ಕೊಡೋಮುಂದ ಗ್ವಾಡಿಯಿಂದ ಕೆಂಪು ಬೆಳಕಿನ ಗೆರಿ ಬರ್ತಾವಲ್ಲ, ಅವು ಈ ಮಸಿ ಗೆರಿ ಮ್ಯಾಲ ಕುಂದ್ರಬೇಕು. ಕುಂತ್ರ ಪ್ಲಾನ್ ಸರಿ. ಇಲ್ಲಾಂದ್ರ ಎಲ್ಲಾ ವೇಸ್ಟು. ನಾ ಗ್ವಾಡಿ ಕಡೆ ಮುಖ ಮಾಡಿ ನಿಂತಿದ್ದೆ. ಆ ಗಾಯ ನೋಡಾಕ ನನ್ನಿಂದ ಆಗಂಗಿಲ್ಲ.

ಅಷ್ಟ್ರಾಗ ನಂದನ, "ಅಮ್ಮ, ಕೊರಳಲ್ಲಿದ್ದ ಬೆಳ್ಳಿ ಕರಡಿಗೆ ತೆಗೀರಿ, ಚಿತ್ರ ಕೆಡ್ತದೆ" ಅಂದ.

"ಅದರಾಗ ಲಿಂಗ ಐತೋ ತಮ್ಮಾ."

"ಗೊತ್ತು. ಐದೇ ನಿಮಿಷ."

"ಐದು ನಿಮಿಷ ಉಸರಾಡೋದು ಬಿಡು ನೋಡೋಣು."

ನಂದನ ನನ್ನ ನೋಡಿದ. ದೊಡ್ಡವ್ವ ಎದ್ದ ಕುಂತ್ಲು. "ಹಂಗಾರ ನಿಮ್ಮ ಕರೆಂಟ್ ನೀವ ಇಟ್ಕೋರಿ. ಲಿಂಗ ಮೈಬಿಟ್ಟು ನಾ ಇರಂಗಿಲ್ಲ. ಆಪರೇಷನ್ ದಿನ ಮಂಪರಿನ್ಯಾಗಿದ್ದೆ, ಅವರು ತಗದ್ರು. ಈಗ ಎಚ್ಚರ ಅದೀನಿ."

ನಾ ಗ್ವಾಡಿಗೇ ಹೇಳಿದೆ, "ಬೆಳ್ಳಿ ಅಷ್ಟ ಅಲ್ಲೇನೋ ತೊಂದ್ರಿ? ಕರಡಿಗಿ ನನ್ನ ಕೈಯಾಗ ಕೊಡ್ರಿ, ಲಿಂಗ ದೊಡ್ಡವ್ವನ ಎಡಗೈಯಾಗ ಇರ್ಲಿ. ಪೂಜಿಗೆ ಹ್ಯಾಂಗ ಹಿಡೀತಾಳೋ ಹಂಗ. ಕೈ ಸೊಂಟದ ಹತ್ರ."

ನಂದನ ತಲೀ ಕೆರಕೊಂಡ. "ಅಡ್ಡಿಲ್ಲೆ. ಹಂಗೇ ಮಾಡಿ."

ದೊಡ್ಡವ್ವ ಲಿಂಗ ಹಿಡದು ಮಲಗಿದ ಮ್ಯಾಲ ಅಂವ ಮಸಿ ಗೆರಿ ಅಳಿಸಿ ಹೊಸದಾಗಿ ಎಳದ, ಸ್ಕ್ಯಾನ್ ಮಾಡಿದ. ಮುಗೀತು! ಹ್ಯಾಂಗ ಐಡಿಯಾ!! ನನಗ ನಾನ ಚಪ್ಪಾಳಿ. ಹೊರಗ ಬಂದ ಮ್ಯಾಲ ದೊಡ್ಡವ್ವ, "ಮಷೀನ್ ಒಳಗ ಛಂದ ತಂಪಿತ್ತಲೇ. ಲಿಂಗ ನೋಡ್ಕೋತ ಮಲಗಿದ್ದೆ" ಅಂದ್ಲು.


ನವೆಂಬರ್ ೧೨

ಚಿತ್ರ ಅರ್ಧ ಹೋಗಿತ್ತು, ಲೈನ್ ಸತ್ತು ಹೋತು. ಮಂಗ್ಯಾ! ಆಂಟೆನಾ ಮ್ಯಾಲ ಒಂದು ದಡೂತಿ ಮಂಗ್ಯಾ ಕುಂತು ಬಾಳಿಹಣ್ಣು ತಿನ್ನಾಕತ್ತಿತ್ತು. ಸಣ್ಣಾಕಿದ್ದಾಗ ಬನವಾಸಿ ಗುಡಿ ಮುಂದ ಒಂದು ಮಂಗ್ಯಾ ನನ್ನ ಜಡಿ ಹಿಡದ್ ಜಗ್ಗಿತ್ತು, ಅವತ್ತಿಂದ ನಾ ಮಾಳಗಿ ಮೆಟ್ಲ ಸೈತ ಹತ್ತಂಗಿಲ್ಲ. ನಂದನನ್ನ ಅಟ್ಟಿದೆ. ಅಂವ ಕೋಲು ತಗೊಂಡು ಬೈಕೋತ ಹೋದ.

ಲೈನ್ ಬಂದ ಮ್ಯಾಲ ಮೇಡಂ ಕೇಳಿದ್ರು, "ಏನಾಯ್ತು?"

"ಮಂಗ, ಮೇಡಂ" ಅಂದ ನಂದನ.

ಮೇಡಂ ನಕ್ಕು ಬಿಟ್ರು. "ಇನ್ನೂ ಕಾಟ ಇದ್ದಾ ಅಲ್ಲಿ?" ಅಂತ ಅವನ ಧಾಟಿಯೊಳಗ!! ಕೇಳಿದ್ರ ಅವರ ಅಜ್ಜಿ ಮನಿ ಸಿದ್ದಾಪುರದ ದೊಡ್ಮನೆ ಅಂತ. ನನ್ನ ಮೇಡಂ ನಮ್ಮ ಕಡಿಯಾವ್ರು! ಇವತ್ತು ನಿದ್ದಿ ಬರಂಗಿಲ್ಲ.


ನವೆಂಬರ್ ೧೮

ಪ್ಲಾನ್ ಬಂತು. ಬಣ್ಣ ಬಣ್ಣದ ಗೆರಿ, ದೊಡ್ಡವ್ವನ ಎದಿ ಸುತ್ತ ರಂಗೋಲಿ ಹಾಕಿದಂಗ. ಎರಡು ದಿಕ್ಕಿಂದ ಓರೆಯಾಗಿ ಬಿಡೋದು, ಶ್ವಾಸಕೋಶಕ್ಕ ಬರೇ ಅಂಚು ತಾಗ್ತತಿ ಅಂತ ಮೇಡಂ ತಿಳಿಸಿ ಹೇಳಿದ್ರು. ಸೋಮವಾರ ಶುರು.

ಕೆಟ್ಟ ಸುದ್ದಿ: ಸ್ಕ್ಯಾನ್ ಮಷೀನ್ ಒಳಗಿನ ಟ್ಯೂಬ್ ನಿನ್ನೆ ಸುಟ್ಟು ಹೋತು. ಹೊಸಾದು ಪರದೇಶದಿಂದ ಬರಬೇಕಂತ, ತಿಂಗಳ ಮ್ಯಾಲ. ಪುಣ್ಯಾಕ್ಕ ನಮ್ದು ಮುಗದಿತ್ತು.


ನವೆಂಬರ್ ೨೧, ಸೋಮವಾರ

ಆಗಲಿಲ್ಲ.


ನವೆಂಬರ್ ೨೨, ಮಂಗಳವಾರ

ನಿನ್ನಿದು ಮದಲು ಬರೀತೀನಿ.

ಶಶಾಂಕ ಡಾಕ್ಟ್ರು ಬಾಗಲಿನ್ಯಾಗ ನಿಂತು, "ಕೋಬಾಲ್ಟ್ ರೂಮಿನ ಒಳಗೆ ಕೈಯಲ್ಲಿ ಏನೂ ಇರಬಾರದು, ರೂಲ್ ಅದು" ಅಂದ್ರು. ದೊಡ್ಡವ್ವ ಈ ಸಲ ಜಗಳಾಡಲಿಲ್ಲ. ಲಿಂಗಾನ ಅರಿವ್ಯಾಗ ಸುತ್ತಿ ತಲೀಗೆ ಕಟ್ಕೊಂಡ್ಲು, "ತಲೀ ಮ್ಯಾಲೂ ಇರಬೌದು, ಅದೂ ಮೈನ" ಅಂತ. ಡಾಕ್ಟ್ರು ಹೂಂ ಅಂದ್ರು. ಎರಡೂ ಕಡೆ ಮರ್ಯಾದಿ ಉಳೀತು ಅಂದ್ಕೊಂಡೆ.

ಕೆಂಪು ಗೆರಿ ಕುಂದ್ರಲಿಲ್ಲ. ಬಲ ಪಕ್ಕಡಿದು ಒಂದು ಬೆರಳು ಕೆಳಗ, ಎಡ ಪಕ್ಕಡಿದು ಒಂದು ಬೆರಳು ಮ್ಯಾಲ. ನಂದನ ಎತ್ತಿದ, ಸರಿಸಿದ, ದಿಂಬು ಬದಲಿಸಿದ. ಒಂದು ಸರಿ ಆದ್ರ ಒಂದು ತಪ್ಪು. 

ಪರದೆ ಮ್ಯಾಲ ಮೇಡಂ ಮುಖ ಸಣ್ಣದಾತು. "ಈ ಸ್ಥಿತೀಲಿ ಕೊಡಬೇಡಿ. ಲಂಗ್ಸಿಗೆ ಬೀಳತ್ತೆ. ಮತ್ತೆ ಸ್ಕ್ಯಾನ್ ಮಾಡಿ."

"ಮಷೀನ್ ಇಲ್ಲ ಮೇಡಂ."

"ಹಾಗಾದ್ರೆ ಇಲ್ಲಿಗೇ ಕಳಿಸಿ."

ಶಶಾಂಕ ಡಾಕ್ಟ್ರೂ ಅದ ಅಂದ್ರು. ಚೀಟಿ ಬರಿಯಾಕ ಪೆನ್ ತಗದ್ರು. ದೊಡ್ಡವ್ವ ಸೆರಗು ಹೊದ್ಕೊಂಡು ಇಳದ್ಲು. "ಬರೀಬ್ಯಾಡ್ರಿ ಸಾಹೇಬ್ರ, ಶಾಯಿ ದಂಡ. ನಾ ಹೋಗಂಗಿಲ್ಲ." ಹೊರಗ ಹೋಗಿ ಆಟೋ ಕರದ್ಲು. ನಾ ಪರದೆ ನೋಡ್ಕೋತ ನಿಂತಿದ್ದೆ. ಮೇಡಂ "ಸಾರಿ ಪ್ರತಿಭಾ" ಅಂದ್ರು. ಹೆಸರು ಹಿಡದ ಕರದ್ರು. ಏನೂ ಅನಸಲಿಲ್ಲ.

ಈಗ ಇವತ್ತಿಂದು.

ಮುಂಜಾನೆ ದೊಡ್ಡವ್ವ ಜಳಕ ಮಾಡಿ ಪೂಜಿಗೆ ಕುಂತ್ಲು. ನಾ ಚಾ ಹಿಡಕೊಂಡು ಬಾಗಲಕ್ಕ ಆನಿಸಿ ನಿಂತಿದ್ದೆ. ಎಡಗೈಯಾಗ ಲಿಂಗ. ಬಲಗೈಲೆ ವಿಭೂತಿ, ಹೂವು. ಇಪ್ಪತ್ತು ವರ್ಷದಿಂದ ದಿನಾ ನೋಡೇನಿ, ನೋಡೇ ಇರಲಿಲ್ಲ. ಲಿಂಗ ಕೈಗೆ ಬಂತೋ ಇಲ್ಲೋ, ಆಕಿ ಎಡಭುಜ ತುಸು ಎದ್ದು ಬರ್ತತಿ. ಗದ್ದ ಬಾಗ್ತತಿ. ಇಡೀ ಮೈ ಬಲಕ್ಕ ಒಂಚೂರು ಹೊರಳ್ತತಿ.

ಒಂದು ಕಡೆ ಮ್ಯಾಲ. ಒಂದು ಕಡೆ ಕೆಳಗ.

ಚಾ ಚೆಲ್ಲಿತು. "ದೊಡ್ಡವ್ವಾ! ಸ್ಕ್ಯಾನ್ ದಿನ ನೀ ಲಿಂಗ ನೋಡ್ಕೋತ ಮಲಗಿದ್ದಿ!"

"ಪೂಜಿ ನಡುವ ಒದರಬ್ಯಾಡ ಮೂದೇವಿ."

"ಏಳು. ಆಸ್ಪತ್ರಿಗೆ ನಡಿ."

"ಅವ್ರು ಬ್ಯಾಡಂದಾರ."

"ನಾ ಬೇಕಂತೀನಿ."

ದೊಡ್ಡವ್ವ ನನ್ನ ಮುಖ ನೋಡಿ, ರೊಟ್ಟಿ ಹಿಟ್ಟು ಮುಚ್ಚಿಟ್ಟು ಎದ್ಲು.

ಶಶಾಂಕ ಡಾಕ್ಟ್ರಿಗೆ ಹೇಳಿದೆ. ಕೇಳಿದ್ರು, ಪಾಪ, ಪೂರಾ ಕೇಳಿದ್ರು. "ಕೈಯಲ್ಲಿ ಏನಾದ್ರೂ ಹಿಡೀಬೇಕು, ಅಷ್ಟೇ ತಾನೆ? ಲಿಂಬೆಹಣ್ಣು ಇಟ್ಟು ನೋಡೋಣ." ಸಿಸ್ಟರ್ ಲಿಂಬಿಹಣ್ಣು ತಂದ್ಲು. ದೊಡ್ಡವ್ವ ಮಲಗಿದ್ಲು, ಲಿಂಬಿಹಣ್ಣು ಹಿಡದ್ಲು, ಮ್ಯಾಲ ಸೂರು ನೋಡಿದ್ಲು. ಕೆಂಪು ಗೆರಿ ಇದ್ದಲ್ಲೇ ತಪ್ಪು.

"ಹಣ್ಣನ್ನ ನೋಡಿ ಅಮ್ಮ" ಅಂದ ನಂದನ.

"ನೋಡಾಕ ಏನೈತೋ ಅದರಾಗ? ಲಿಂಬಿಹಣ್ಣಿಗೆ ಪೂಜಿ ಮಾಡ್ಲೇನು? ಉಪ್ಪಿನಕಾಯಿ ಹಾಕ್ಲಿ ಅಂದ್ರ ಹಾಕ್ತೀನಿ."

ನಂದನ ನಕ್ಕ. ನಾ ನಗಲಿಲ್ಲ. ಹಣ್ಣು ತಗದು, ದೊಡ್ಡವ್ವನ ತಲೀ ಮ್ಯಾಲಿನ ಗಂಟು ಬಿಚ್ಚಿ, ಲಿಂಗ ಆಕಿ ಎಡಗೈಯಾಗ ಇಟ್ಟೆ. ಡಾಕ್ಟ್ರು "ಪ್ರತಿಭಾ" ಅಂದ್ರು. "ಒಂದು ನಿಮಿಷ ಸರ್, ಮಷೀನ್ ಬಂದ್ ಐತಿ, ಈಗೇನು ಸಿಡೀತೈತಿ?" ಅಂದೆ.

ದೊಡ್ಡವ್ವನ ಕಣ್ಣು ಕೆಳಗ ಬಂತು. ಭುಜ ಎದ್ದಿತು. ಎಡಗಡೆ ಗೆರಿ ಜಾರಿ ಬಂದು ಮಸಿ ಮ್ಯಾಲ ಕುಂತಿತು. ಬಲಗಡೆದೂ ಕುಂತಿತು. ನಡುವಿಂದೂ.

ನಂದನ ಸುತ್ತ ಹೋಗಿ ಬಗ್ಗಿ ಬಗ್ಗಿ ನೋಡಿದ. "ಸರ್, ಮೂರೂ ಕೂತ್ಕಂಡ್ವು."

"ಬೆಂಗಳೂರು ಒಪ್ಪಬೇಕು" ಅಂದ್ರು ಡಾಕ್ಟ್ರು.

ಲೈನ್ ಹಚ್ಚಿದೆ. ಮೇಡಂ ಬೇರೆ ಕೆಲಸದಾಗಿದ್ರು, ಅವಸರದಾಗ, "ಪ್ರತಿಭಾ, ನಿನ್ನೆನೇ ಹೇಳಿದ್ನಲ್ಲ" ಅಂದ್ರು.

"ನಿನ್ನಿ ನೀವು ಹೇಳಿದ್ರಿ ಮೇಡಂ. ಇವತ್ತು ನೀವು ಕೇಳ್ರಿ."

ಅವರು ಕೈಯಾಗಿನ ಕೆಲಸ ಬಿಟ್ಟು ಪರದೆ ಕಡೆ ತಿರಗಿದ್ರು. ನಾ ಹೇಳಿದೆ, ಲಿಂಗ, ಎಡಗೈ, ಭುಜ, ಎಲ್ಲಾ. "ನಿಮಗ ಬಂದಿದ್ದು ಹೋಳು ಹೋಳು ಚಿತ್ರ, ಮನಷ್ಯಾರು ಬಂದಿಲ್ಲ. ಆಕಿ ಹ್ಯಾಂಗ ಮಲಗಿದ್ಲು ಅಂತ ನಾವೂ ಬರದು ಕಳಸಲಿಲ್ಲ. ಕಟ್ಟಕಡೇ ಹೋಳು ತಗೀರಿ. ಅದರಾಗ ಕೈ ಬಂದಿರಬೇಕು."

ಮೇಡಂ ಹುಡುಕಿದ್ರು. ಆಮ್ಯಾಲ ಆ ಚಿತ್ರಾನ ನಮ್ಮ ಪರದೆಗೂ ಕಳಿಸಿದ್ರು. ಕಪ್ಪಿನೊಳಗ ಐದು ಬೆರಳಿನ ಎಲುಬು, ನಡುವ ಬೆಳ್ಳಗ ಒಂದು ಗುಂಡಂದು. ಹುಣ್ಣಿಮಿ ಚಂದ್ರ ಹಿಡಕೊಂಡಂಗ.

"ನಾಣ್ಯ ಅಂದ್ಕೊಂಡಿದ್ದೆ ನಾನು" ಅಂದ್ರು ಮೇಡಂ. "ಪ್ಲಾನಿಗೆ ಬೇಕಾದ ಜಾಗದಿಂದ ಕೆಳಗಿತ್ತು, ನೋಡಿ ಬಿಟ್ಬಿಟ್ಟೆ."

"ಕೆಳಗಿತ್ತು ಅಂದ್ರ ಕಿರಣದ ದಾರ್ಯಾಗಿಲ್ಲ ಅಂತಾತಲ್ಲ?"

ಮೇಡಂ ಅಳತಿ ಹಿಡದ್ರು. ಅಷ್ಟೊತ್ತು ನಂಗ ನಮ್ಮವ್ವ ನೆನಪಾದ್ಲು. ಮುಖ ನೆನಪಾಗಲಿಲ್ಲ, ಗಾಡಿ ನೆನಪಾತು.

"ಇಲ್ಲ. ಸಾಕಷ್ಟು ದೂರ ಇದೆ. ಆದ್ರೆ ಮಾತಿನ ಮೇಲೆ ನಾನು ಒಪ್ಪಲ್ಲ. ಅದೇ ಥರ ಮಲಗಿಸಿ ಒಂದು ಚೆಕ್ ಫಿಲ್ಮ್ ತೆಗೆದು ಕಳಿಸಿ. ಎಲುಬು ನನ್ನ ಚಿತ್ರಕ್ಕೆ ಕೂಡಿದ್ರೆ ಮಾತ್ರ."

ಫಿಲ್ಮ್ ತಗದ್ವಿ. ಬೆಳಕಿನ ಡಬ್ಬಿ ಮ್ಯಾಲ ಹಚ್ಚಿ, ಅದರ ಫೋಟೋ ಹೊಡದು ಕಳಿಸಿದೆ. ಲೈನ್ ಆಮಿ ಹೋದಂಗ ಹೋಗಾಕತ್ತಿತ್ತು. ದೊಡ್ಡವ್ವ ಬೆಂಚಿನ ಮ್ಯಾಲ ಕುಂತು ಶಶಾಂಕ ಡಾಕ್ಟ್ರಿಗೆ, "ಖಾನಾವಳಿ ಕಡೆ ಬರ್ರಿ ಸಾಹೇಬ್ರ, ಬರೇ ರೂಲ್ ತಿಂದ್ರ ಹೊಟ್ಟಿ ತುಂಬಂಗಿಲ್ಲ" ಅನ್ನಾಕತ್ತಿದ್ಲು. ಡಾಕ್ಟ್ರು ಕನ್ನಡಕ ಒರಸ್ಕೋತ ನಗಾಕತ್ತಿದ್ರು.

ಮೇಡಂ ತಮ್ಮ ಚಿತ್ರದ ಪಕ್ಕಕ್ಕ ನಮ್ದು ಇಟ್ರು. ಪಕ್ಕಡಿ ಪಕ್ಕಡಿಗೆ ಕೂಡಿತ್ತು.

"ಶುರು ಮಾಡಿ" ಅಂದ್ರು. ಆಮ್ಯಾಲ ಕ್ಯಾಮೆರಾ ಕಡೆ ಸೀದಾ ನೋಡಿ, "ದಿನಾ ಹಾಗೇ ಮಲಗಿಸಬೇಕು. ಒಂದು ದಿನಾನೂ ಲಿಂಗ ಬಿಟ್ಟು ಮಾಡೋ ಹಾಗಿಲ್ಲ. ಇದು ರೂಲ್ ಅಂತ ಬರ್ಕೊಳ್ಳಿ ಡಾಕ್ಟ್ರೇ."

ದೊಡ್ಡವ್ವ ಕೇಳಿದ್ಲು, "ಏನಂತಲೇ?"

"ಲಿಂಗ ಬಿಟ್ಟು ಬಂದ್ರ ಕರೆಂಟ್ ಕೊಡಂಗಿಲ್ಲಂತ."

"ಹಾಂ. ಈಗ ತಿಳೀತು ಅವರಿಗೆ."


ನವೆಂಬರ್ ೨೩

ಶುರು. ಒಳಗ ದೊಡ್ಡವ್ವ ಒಬ್ಬಾಕಿ, ಹೊರಗ ಟೀವ್ಯಾಗ ನೋಡ್ಕೋತ ನಾವು. ತುಟಿ ಅಲುಗಾಡತಿದ್ವು. ಶಿವಾಯ ನಮಃ ಮುಗಿಯೋಕ್ಕೂ ಮಷೀನಿನ ಗಂಟಿ ಬಾರಿಸೋಕ್ಕೂ ಸರಿ ಆತು.


ಡಿಸೆಂಬರ್ ೬

ಖಾನಾವಳಿ ಮುಂದ ಗುರುಶಾಂತವ್ವ, ಓಣಿಗೆಲ್ಲಾ ಬಿಬಿಸಿ ಅಕಿ, ಗಿರಾಕಿಗೆ ಕೇಳುವಂಗ ಅಂದ್ಲು: "ಕರೆಂಟ್ ತಗೊಂಡಾವ್ರ ಕೈ ರೊಟ್ಟಿ ತಿನ್ನಬಾರದಂತವಾ. ಮೈಯಾಗ ಉಳೀತದಂತ."

ನಾ ಹೊರಗ ಬಂದೆ. "ಬೆಳಕು ಮೈಯಾಗ ಉಳೀತದೇನ್ರಿ ಅಮ್ಮಾರ? ಉಳದಿದ್ರ ನಮ್ಮ ಕರೆಂಟ್ ಬಿಲ್ ಯಾಕ ಬರ್ತಿತ್ತು? ದೊಡ್ಡವ್ವಗ ಆಗಿದ್ದು ಕ್ಯಾನ್ಸರು. ಕ್ಯಾನ್ಸರ್ ಹತ್ತಂಗಿಲ್ಲ, ಚಾಡಿ ಹತ್ತತೈತಿ." ಗಿರಾಕಿಗೋಳು ನಕ್ರು. ಒಬ್ಬಾಂವ ಇನ್ನೆರಡು ರೊಟ್ಟಿ ಹೇಳಿದ.

ದೊಡ್ಡವ್ವನ ಚರ್ಮ ಕಪ್ಪಾಗೈತಿ, ಬಗಲಾಗ ಉರಿ. ಬೆವರಿಗೆ ಮಸಿ ಗೆರಿ ಮಾಸ್ತಾವು. ಮುಂಜಾನೆ ಜಳಕದ ಮ್ಯಾಲ ನಾನ ತಿದ್ದತೀನಿ, ಗಾಯದ ಪಕ್ಕದ್ದು ಬಾಳ ನಾಜೂಕು, ಉಸಿರು ಬಿಗಿ ಹಿಡದ್ ಎಳೀಬೇಕು. ಚಾಟ್ ರೂಮಿನ ಪಾಸ್ವರ್ಡ್ ಮರತು ಹೋಗೈತಿ.


ಡಿಸೆಂಬರ್ ೧೪

ಸಂಹಿತಾ ಅಕ್ಕನ ಜೊತಿ ಜಗಳ. ಈ ತಿಂಗಳಿಂದ ಹುಬ್ಬಳ್ಳ್ಯಾಗ ಸ್ಕ್ಯಾನ್ ಮಾಡಿಸಿ ತರೋ ಹೊಸಾ ವ್ಯವಸ್ಥಾ ಆಗೈತಿ, ಹಂಗ ಬಂದ ಒಬ್ಬರ ಪ್ಲಾನ್ ಎರಡು ದಿನ ತಡ ಆಗಿತ್ತು. "ನನಗೂ ಇಲ್ಲಿ ಪೇಷಂಟ್ಸ್ ಇದ್ದಾರೆ" ಅಂದ್ರು. "ಇಲ್ಲಿದ್ದಾವ್ರೂ ನಿಮ್ಮವ್ರ" ಅಂದೆ. ಸಂಜಿ ಮುಂದ ಪ್ಲಾನ್ ಬಂತು.


ಡಿಸೆಂಬರ್ ೨೭, ಮಂಗಳವಾರ

ದೊಡ್ಡವ್ವಂದು ಕಡೇ ದಿನ. ಮುಗೀತು. ರೋಗ ಪೂರಾ ಹೋತೋ ಇಲ್ಲೋ ಅಂತ ಯಾರೂ ಈಗ ಹೇಳಂಗಿಲ್ಲ, ಮೂರು ತಿಂಗಳಿಗೊಮ್ಮೆ ತೋರಸಬೇಕು. ದೊಡ್ಡವ್ವ ಅಂದ್ಲು, "ಹೋಗದಿದ್ರ ಮತ್ತ ಬರ್ತೀನಿ. ದಾರಿ ಗೊತ್ತೈತಿ, ನಡಕೊಂಡ ಬರೂವಷ್ಟೈತಿ."

ಮನಿಗೆ ಹೋಗೋಕಿಂತ ಮದಲು ನನ್ನ ರೂಮಿಗೆ ಬಂದು ಪರದೆ ಮುಂದ ಕುಂತ್ಲು.

"ಏ ತಂಗಿ. ನೀ ನನ್ನ ಎಲುಬು ಎಲುಬು ನೋಡೀದಿ, ನಾ ನಿನ್ನ ಮುಖ ಒಮ್ಮಿನೂ ನೆಟ್ಟಗ ನೋಡಿಲ್ಲ. ಹತ್ರ ಬಾ."

ಸಂಹಿತಾ ಅಕ್ಕ ಕ್ಯಾಮೆರಾ ಹತ್ರ ಬಂದ್ರು. ಮೂಗು ದೊಡ್ಡದಾಗಿ ಕಂಡಿತು.

"ಉಂಡೀ?"

"ಇನ್ನೂ ಇಲ್ಲ ಅಮ್ಮ."

"ಮೂರು ಗಂಟೆ ಆತು! ನೋಡು ಪ್ರತಿಭಾ, ನನ್ನ ಎಲುಬು ಬೆಂಗಳೂರಿಗೆ ಕಳಸ್ತೀರಿ, ಪ್ಲಾನ್ ಶಿರಸಿಗೆ ತರಸ್ತೀರಿ, ಈಕಿಗೆ ಎರಡು ರೊಟ್ಟಿ ಕಳಸಾಕ ನಿಮ್ಮ ಲೈನಿನ್ಯಾಗ ಬರಂಗಿಲ್ಲೇನು?"

ಅಕ್ಕ ನಗಾಕ ಬಾಯಿ ತಗದ್ರು, ಹಂಗ ನಿಂತು ಬಿಟ್ರು. ಲೈನ್ ಸತ್ತಿತ್ತು. ಮ್ಯಾಲ ಧಡ್ ಧಡ್ ಸಪ್ಪಳ.

ತ್ಯಾಗಲಿಯಿಂದ ಒಬ್ರು ಅಜ್ಜಿ ಬಂದಿದ್ರು, ಗಂಗೆ ಅಂತ ಹೆಸರು. ಅವರ ಚಿತ್ರ ಅರ್ಧ ಹೋಗಿತ್ತು. ಹುಬ್ಬಳ್ಳ್ಯಾಗ ಸ್ಕ್ಯಾನ್ ಮಾಡಿಸ್ಕೊಂಡು ಬರಾಕ ಕಳಿಸೋಮುಂದ ನಾನ ಕೇಳಿದ್ದೆ, "ಅಜ್ಜಿ, ದಿನಾ ಮಲಗೋಮುಂದ ಕೈಯಾಗ ಏನ್ ಹಿಡೀತೀರಿ?" ಅಂತ. "ಮೊಮ್ಮಗನ ಟೋಪಿ" ಅಂದಿದ್ರು. ಅದನ್ನೂ ಹಿಡಿಸಿ, ಫೋಟೋ ತಗಸಿ, ಚಿತ್ರದ ಜೊತಿ ಹಚ್ಚೇನಿ.

ನಂದನ ಇನ್ನೊಬ್ಬರನ್ನ ಮಷೀನ್ ಮ್ಯಾಲ ಮಲಗಿಸಾಕತ್ತಿದ್ದ. ಮೂಲ್ಯಾಗ ಅಂವನ ಕೋಲು ಇತ್ತು, ತಗೊಂಡೆ. ಮೆಟ್ಲ ಹತ್ತಿ ಮಾಳಗಿ ಬಾಗಲಾ ಒದ್ದೆ. ಅದ ದಡೂತಿ ಮಂಗ್ಯಾ ಆಂಟೆನಾ ಮ್ಯಾಲ ಕುಂತು ನನ್ನ ನೋಡಿ ಹಲ್ಲು ಕಿಸೀತು. ನಾನೂ ಕಿಸದೆ.

"ಇಳಿ ಕೆಳಗ. ತ್ಯಾಗಲಿ ಅಜ್ಜಿ ಇನ್ನೂ ಅರ್ಧ ಹೋಗೋದೈತಿ."